ದರ್ಜಿಯ ಎಡಗೈ

ಜುಲೈ ೮, ಸೋಮವಾರ

ಮೊದಲಿಗೆ ಸಾರಿ. ಯಾರಿಗೆ ಅಂತ ಗೊತ್ತಿಲ್ಲ, ಬಹುಶಃ ಈ ನೋಟ್‌ಬುಕ್ಕಿಗೇ. ಇದನ್ನು ಕೊಂಡಿದ್ದು ಕೆಮಿಸ್ಟ್ರಿಗೆ. ಆಕ್ಚುಲಿ ಡೈರಿ ಬರೆಯೋವಷ್ಟು ದೊಡ್ಡ ಲೈಫ್ ನನ್ನದಲ್ಲ, ಬರೆಯೋವಷ್ಟು ಭಾಷೆಯೂ ಇಲ್ಲ. ಐದನೇ ಕ್ಲಾಸಿಂದ ಹಾಸ್ಟೆಲ್ಲಲ್ಲೇ ಬೆಳೆದವಳು. ನನ್ನ ಮಾತು ಹಾಸ್ಟೆಲ್ ಟೀ ಥರ: ಅರ್ಧ ಹಾಲು, ಅರ್ಧ ನೀರು, ಯಾವುದು ಎಷ್ಟು ಅಂತ ಹಾಕಿದವರಿಗೂ ಗೊತ್ತಿಲ್ಲ. ಆದರೆ ಇವತ್ತಿನದನ್ನು ಎಲ್ಲಾದರೂ ಇಳಿಸದಿದ್ದರೆ ನಿದ್ದೆ ಬರಲ್ಲ.

ಫಸ್ಟ್ ಇಯರ್ ಎಲ್ಲರೂ ಒಂದು ಕ್ಲಬ್ಬಿಗೆ ಸೇರಲೇಬೇಕಂತೆ. ಫೋಟೋಗ್ರಫಿ ಅಂದುಕೊಂಡು ಕ್ಯೂನಲ್ಲಿ ನಿಂತೆ. ಟೇಬಲ್ ಹತ್ತಿರ ಹೋದಾಗ ಗೊತ್ತಾಯ್ತು, ಅದು ಚರ್ಚಾಕೂಟದ ಕ್ಯೂ. "ಸಾರಿ, ತಪ್ಪು ಕ್ಯೂ" ಅನ್ನೋದು ಮೂರೇ ಪದ. ನಾಲಿಗೆ ಏಳಲಿಲ್ಲ. ಹಿಂದೆ ಜನ ನಿಂತಿದ್ದರು, ಮುಂದೆ ಪೆನ್ನು ಚಾಚಿದ್ದರು. ಸಹಿ ಹಾಕಿ ಬಂದೆ. ಈ ತಿಂಗಳ ಕೊನೇ ಶನಿವಾರದೊಳಗೆ ಕ್ಲಬ್ ಬದಲಾಯಿಸಿಕೊಳ್ಳಬಹುದಂತೆ, ಅದೊಂದೇ ಆಸೆ.

ನಾಲ್ಕು ಜನರ ಮುಂದೆ ಟೈಮ್ ಎಷ್ಟು ಅಂತ ಕೇಳಕ್ಕಾಗದವಳು ನಾನು. ಚರ್ಚೆ ಮಾಡ್ತೀನಂತೆ.

ರೂಮ್‌ಮೇಟ್ ರಾತ್ರಿಯಿಡೀ ಕಿಟಕಿ ತೆಗೆದೇ ಮಲಗ್ತಾಳೆ. ಗಾಳಿ ನೇರ ನನ್ನ ಬೆನ್ನಿಗೆ. ಮುಚ್ಚು ಅನ್ನೋದು ಹೇಗೆ ಅಂತ ಒಂದು ವಾರದಿಂದ ವಾಕ್ಯ ಕಟ್ತಾ ಇದೀನಿ. ಸದ್ಯಕ್ಕೆ ಸ್ವೆಟರ್.

ಜುಲೈ ೧೧, ಗುರುವಾರ

ರೂಮ್‌ಮೇಟಿಗೆ ಇಡೀ ಮಹಡಿ ಇಟ್ಟಿರೋ ಹೆಸರು ರೇಡಿಯೋ. ಕಿವಿ ತಿರುಗಿಸಿದರೂ ಆಫ್ ಆಗಲ್ಲ. ಅವಳ ಮಂಚದ ಮೇಲೆ ದರ್ಜಿಯ ದೊಡ್ಡ ಪೋಸ್ಟರ್ ಇದೆ. ಲೋಕಕ್ಕೆಲ್ಲ ಗೊತ್ತಿರೋ ಅದೇ ಪೋಸು: ಬಲಗೈ ಎದೆ ಹತ್ತಿರ, ಎಡ ಮುಷ್ಟಿ ಕೆನ್ನೆಗೆ ಅಂಟಿಕೊಂಡು, ಯಾರದೋ ಫೋನ್ ಕೇಳಿಸಿಕೊಳ್ತಿರೋ ಹಾಗೆ.

ದರ್ಜಿ ಬಟ್ಟೆ ಹೊಲಿದವನಲ್ಲ, ಬಾಕ್ಸರ್. ಮೊದಲ ಎರಡು ರೌಂಡು ಎದುರಾಳಿಯ ಅಳತೆ ತಗೋತಾನೆ, ಮೂರನೆಯದಕ್ಕೆ ಕತ್ತರಿ ಹಾಕ್ತಾನೆ ಅಂತ ಆ ಹೆಸರು. ಹನ್ನೊಂದು ವರ್ಷ ಚಾಂಪಿಯನ್. ಹೋದ ತಿಂಗಳು ತೀರಿಕೊಂಡ. ಈಗ ಒಂದು ಮ್ಯಾಗಜೀನ್ ಸಾರ್ವಕಾಲಿಕ ಶ್ರೇಷ್ಠ ಹತ್ತು ಬಾಕ್ಸರ್‌ಗಳನ್ನು ಆರಿಸಿ ಅವನಿಗೆ ಒಂಬತ್ತನೇ ಜಾಗ ಕೊಟ್ಟಿದೆ. ಮೆಸ್ಸಲ್ಲಿ ತಟ್ಟೆ ಎತ್ತಿ ಹೊಡೆದಾಡೋದೊಂದು ಬಾಕಿ.

"ಒಂಬತ್ತಂತೆ. ಅವನ ಶೂ ಲೇಸಿಗೇ ಮೂರನೇ ಜಾಗ ಕೊಡಬೇಕಿತ್ತು" ಅಂದಳು ರೇಡಿಯೋ.

"ಅವನ ಕಾಲದಲ್ಲಿ ಗಟ್ಟಿ ಎದುರಾಳಿ ಯಾರಿದ್ದರು ಹೇಳು" ಅಂದಿತು ಆ ಕಡೆ ಬೆಂಚು.

"ಇದ್ದರು ಕಣ್ರೋ. ಇವನ ಮುಂದೆ ನಿಂತಾಗ ಗಟ್ಟಿ ಕಾಣಿಸಲಿಲ್ಲ, ಅಷ್ಟೆ."

ನಾನು ತಲೆ ತಗ್ಗಿಸಿ ತಿಂತಾ ಇದ್ದೆ. ಆ ಎದುರಾಳಿಗಳಲ್ಲಿ ಒಬ್ಬರು ನಮ್ಮಪ್ಪ. ದರ್ಜಿ ಇನ್ನೂ ಚಾಂಪಿಯನ್ ಆಗದ ಕಾಲದಲ್ಲಿ ಅಪ್ಪ ಅವನ ಜೊತೆ ಎಂಟು ರೌಂಡು ಆಡಿ ಪಾಯಿಂಟ್ಸಲ್ಲಿ ಸೋತ. ನಮ್ಮ ಮನೆಯ ಇತಿಹಾಸವೆಲ್ಲ ಇಷ್ಟೇ, ಒಂದು ವಾಕ್ಯ, ಅದನ್ನೂ ಅಪ್ಪ ವರ್ಷಕ್ಕೊಂದು ಸಲ ಹೇಳಿದರೆ ಹೆಚ್ಚು. ಆಗಲೂ ಈಗಲೂ ಅಪ್ಪನ ಕೆಲಸ ಲಿಫ್ಟ್ ರಿಪೇರಿ. ಕಂಪನಿ ಊರೂರು ತಿರುಗಿಸುತ್ತೆ ಅಂತಲೇ ನನ್ನ ಹಾಸ್ಟೆಲ್‌ವಾಸ. ರಜೆಗೆ ಹೋದಾಗ ಕಂಡಷ್ಟೇ ನನಗೆ ಅಪ್ಪ. ದರ್ಜಿ ಸತ್ತ ದಿನ ಅಪ್ಪ ಡ್ಯೂಟಿಗೆ ಹೋಗಲಿಲ್ಲ ಅಂತ ಅಮ್ಮ ಹೇಳಿದ್ದಳು. ಜ್ವರದಲ್ಲೂ ರಜೆ ಹಾಕದ ಮನುಷ್ಯ.

ರೇಡಿಯೋಗೆ ಹೇಳಬೇಕು ಅನ್ನಿಸಿತು. ಹೇಳಲಿಲ್ಲ.

ಜುಲೈ ೧೫, ಸೋಮವಾರ

ಆಗಬಾರದ್ದೇ ಆಯ್ತು. ಕ್ಲಬ್ಬಿನ ಈ ಟರ್ಮಿನ ಮೊದಲ ಚರ್ಚೆ: ದರ್ಜಿ ಸಾರ್ವಕಾಲಿಕ ಶ್ರೇಷ್ಠ, ಹೌದೋ ಅಲ್ಲವೋ. ಯಾರು ಯಾವ ಕಡೆ ಅಂತ ಮೇಡಂ ಚೀಟಿ ಎತ್ತಿಸಿದರು. ನನಗೆ "ಅಲ್ಲ" ಬಂತು. ಅದೇ ಕ್ಲಬ್ಬಿಗೆ ಸೇರಿರೋ ರೇಡಿಯೋಗೆ "ಹೌದು". ಅವಳು ಖುಷಿಗೆ ಕುರ್ಚಿ ಮೇಲೆ ಹತ್ತಿದಳು, ಮೇಡಂ ಇಳಿಸಿದರು.

ನನ್ನ ಟೀಮಿನ ಲೀಡರ್ ಥರ್ಡ್ ಇಯರ್ ಅಣ್ಣ. ಎಲ್ಲರೂ ವಕೀಲ ಅಂತಾರೆ. ಕ್ಯಾಂಟೀನಲ್ಲಿ ಟೀ ತಣ್ಣಗಿದ್ದರೂ ಮೂರು ಪಾಯಿಂಟ್ ಮಾಡಿ ವಾದಿಸ್ತಾನಂತೆ. "ಮೊದಲು ನಾನು, ಆಮೇಲೆ ನೀನು. ನಾನು ಅಡಿಪಾಯ ಹಾಕ್ತೀನಿ, ನೀನು ಗೋಡೆ ಕಟ್ಟು. ಪೇರೆಂಟ್ಸ್ ಡೇ ದಿನವೇ ಇಟ್ಟಿದಾರೆ, ಹಾಲ್ ಫುಲ್ ಇರುತ್ತೆ" ಅಂದ.

ಅತ್ತ ದರಿ, ಇತ್ತ ಪುಲಿ. ಪೇರೆಂಟ್ಸ್ ಡೇ ಅಂತೆ.

ಜುಲೈ ೧೬, ಮಂಗಳವಾರ

ಟೆನ್ಷನ್. ಊಟ ಸೇರಲಿಲ್ಲ. ಭಾಷಣಕ್ಕೆ ಅಂತ ಹಾಳೆ ತೆಗೆದು, ತಾರೀಖು ಬರೆದು, ಮಡಿಸಿಟ್ಟೆ.

ಜುಲೈ ೧೮, ಗುರುವಾರ

ಇವತ್ತು ಪ್ರಾಕ್ಟೀಸ್. ವಕೀಲ ನಮ್ಮ ಕಡೆಯ ಮುಖ್ಯ ಬಾಣ ಹೇಳಿಕೊಟ್ಟ: ದರ್ಜಿ ಮೇಲೆ ಬಂದದ್ದೇ ಸಿಕ್ಕಸಿಕ್ಕವರನ್ನು ಹೊಡೆದು.

"ಕೇಳಿಲ್ಲಿ, ಶುರುವಿನ ವರ್ಷಗಳಲ್ಲಿ ಇವನು ಸೋಲಿಸಿದ್ದು ಯಾರನ್ನ? ಒಬ್ಬ ಲಾರಿ ಡ್ರೈವರ್. ಒಬ್ಬ ಮಾಂಸದಂಗಡಿಯವನು. ಒಬ್ಬ ಲಿಫ್ಟ್ ಮೆಕ್ಯಾನಿಕ್. ರಿಂಗಿಗೆ ಹೋಗೋ ದಾರೀಲಿ ಲಿಫ್ಟ್ ಕೆಟ್ಟಿತ್ತು ಅಂತ ಕಾಣುತ್ತೆ, ರಿಪೇರಿಗೆ ಬಂದವನನ್ನೇ ಹೊಡೆದು ಹಾಕಿದ."

ರೂಮಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಇದನ್ನು ಬರೆಯದೆ ಬಿಡಬಹುದಿತ್ತು, ಯಾರೂ ಓದಲ್ಲ. ಆದರೂ ಬರೀತೀನಿ. ನಕ್ಕೆ.

"ಈ ಲಿಫ್ಟ್ ಲೈನನ್ನು ನೀನು ಇನ್ನೊಂದಿಷ್ಟು ಎಳೀಬೇಕು. ಜನಕ್ಕೆ ಇಷ್ಟ ಆಗುತ್ತೆ" ಅಂದ.

"ಆಯ್ತು ಅಣ್ಣ" ಅಂದೆ.

ನಾನು ಆ ಲೈನ್ ಎಳೆದರೆ ಕ್ಲಬ್ಬಿನವರ ಮುಂದೆ ಮಾನ ಉಳಿಯುತ್ತೆ. ಹಾಲಲ್ಲಿ ಅಪ್ಪ ಕೂತಿದ್ದರೆ ಆ ಮಾತು ಅವನ ಕಿವಿಗೇ ಬೀಳುತ್ತೆ, ಅದೂ ನನ್ನ ಬಾಯಿಂದ.

ಜುಲೈ ೨೧, ಭಾನುವಾರ

ಅಪ್ಪನಿಗೆ ಫೋನ್ ಮಾಡಿ ಬರಬೇಡ ಅನ್ನೋಣ ಅಂತ ನಿರ್ಧರಿಸಿದೆ. ಅಮ್ಮ ಎತ್ತಿದಳು.

"ಪೇರೆಂಟ್ಸ್ ಡೇ ಅಂತ ಕಾಲೇಜಿಂದ ಮೆಸೇಜ್ ಬಂದಿತ್ತು. ನನ್ನ ಮಂಡಿ ನೋವಿಗೆ ಬಸ್ಸು ಆಗಲ್ಲ, ನಿಮ್ಮಪ್ಪ ಬರ್ತಾನೆ. ಈಗಲೇ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಇಟ್ಟಿದಾನೆ, ಇನ್ನೂ ಒಂದು ವಾರ ಇದೆ ಅಂದರೂ ಕೇಳಲ್ಲ. ಮದುವೆಗೂ ಇಷ್ಟು ತಯಾರಿ ಮಾಡಿರಲಿಲ್ಲ, ಸೊಟ್ಟ ಮೂಗು ಹೊತ್ತುಕೊಂಡು ಹಾಗೇ ಬಂದಿದ್ದ."

ಹಿಂದೆಯಿಂದ ಅಪ್ಪನ ದನಿ: "ಮೂಗು ನೋಡಿಯೇ ಒಪ್ಪಿದ್ದಲ್ವಾ?"

"ಕತ್ತಲಿತ್ತು" ಅಂದಳು ಅಮ್ಮ, ಫೋನ್ ಕೊಟ್ಟಳು.

ಬರಬೇಡ ಅನ್ನಬೇಕಿತ್ತು. ಬದಲಿಗೆ ಹೇಳಿಬಿಟ್ಟೆ: "ಅಪ್ಪ, ಚರ್ಚೆ ದರ್ಜಿ ಬಗ್ಗೆ. ನನಗೆ ವಿರುದ್ಧದ ಚೀಟಿ ಬಂದಿದೆ. ಅವನು ಶ್ರೇಷ್ಠ ಅಲ್ಲ ಅಂತ ನಾನು ಹೇಳಬೇಕು."

ಅಪ್ಪ ನಕ್ಕ. ನನ್ನ ಕಿವಿ ನೋಯೋ ಹಾಗೆ ನಕ್ಕ.

"ಹೊಡಿ ಮಗಾ. ಅವನಿಗೆ ನಮ್ಮ ಮನೆಯವರು ಹೊಡೀತಿರೋದು ಇದು ಮೊದಲನೇ ಸಲವೇನಲ್ಲ."

"ನಿನಗೆ ಬೇಜಾರಿಲ್ವಾ?"

"ಮೆತ್ತಗೆ ಹೊಡೆದರೆ ಬೇಜಾರು. ಎದುರಿಗೆ ನಿಂತವನಿಗೆ ಮೆತ್ತಗೆ ಹೊಡೆಯೋದು ಅವಮಾನ ಮಾಡಿದ ಹಾಗೆ. ಆದರೆ ನಮ್ಮ ರೂಮಿನ ನಿಯಮ ಮರೀಬೇಡ."

ಅಪ್ಪ ಸಂಜೆ ಹೊತ್ತು ಒಂದು ಟೈರ್ ಅಂಗಡಿಯ ಮೇಲಿನ ರೂಮಲ್ಲಿ ಹುಡುಗ ಹುಡುಗಿಯರಿಗೆ ಬಾಕ್ಸಿಂಗ್ ಹೇಳಿಕೊಡ್ತಾನೆ. ರಜೆಯಲ್ಲಿ ನಾನು ಮೂಲೆಯ ಸ್ಟೂಲ್ ಮೇಲೆ ಕೂತು ಕಾದಂಬರಿ ಓದೋದು. ಅಲ್ಲಿ ಒಂದೇ ನಿಯಮ. ಆಟ ಮುಗಿದ ಮೇಲೆ ಇಬ್ಬರೂ ಎದುರಾಬದುರಾ ನಿಲ್ಲಬೇಕು. ಎದುರಿನವನ ಯಾವ ಏಟು ತನಗೆ ಚೆನ್ನಾಗಿ ಬಿತ್ತು ಅಂತ ಬಾಯಿಬಿಟ್ಟು ಹೇಳಬೇಕು. ಹೇಳದೆ ಯಾರೂ ಗ್ಲೌಸ್ ಬಿಚ್ಚೋ ಹಾಗಿಲ್ಲ. ಸೋತು ಮೂತಿ ಊದಿಸಿಕೊಂಡವರು ಬೆವರು ಸುರಿಸುತ್ತಾ ನಿಂತೇ ಇರೋದನ್ನ ನೋಡಿದೀನಿ, ಗ್ಲೌಸೊಳಗಿನ ತುರಿಕೆ ತಡೆಯಲಾಗದೆ ಕೊನೆಗೆ ಹೇಳ್ತಾರೆ.

ಬರಬೇಡ ಅಂತ ಹೇಳಲೇ ಇಲ್ಲ.

ಜುಲೈ ೨೩, ಮಂಗಳವಾರ

ಮಧ್ಯಾಹ್ನ ಲೈಬ್ರರಿಯ ಕಂಪ್ಯೂಟರಲ್ಲಿ ಆ ಪಂದ್ಯ ಸಿಕ್ಕಿತು. ಇಷ್ಟು ವರ್ಷ ಹುಡುಕಿಯೇ ಇರಲಿಲ್ಲ. ಅಪ್ಪ ಹೊಡೆಸಿಕೊಳ್ಳೋದನ್ನು ನೋಡೋ ಧೈರ್ಯ ಇರಲಿಲ್ಲ ಅಂತ ಈಗ ಅನ್ನಿಸುತ್ತೆ.

ಬಣ್ಣ ಮಾಸಿದ ವೀಡಿಯೊ. ಕಾಮೆಂಟರಿಯವನು ಅಪ್ಪನ ಹೆಸರನ್ನು ಎರಡು ಥರ ಹೇಳಿದ, ಎರಡೂ ತಪ್ಪು. ಅದರಲ್ಲಿ ಅಪ್ಪ ನನಗಿಂತ ಸ್ವಲ್ಪವೇ ದೊಡ್ಡವನು. ತಲೆತುಂಬ ಕೂದಲು. ಮೂಗು ನೆಟ್ಟಗಿದೆ. ಆ ಮೂಗನ್ನು ನಾನು ಕಂಡೇ ಇರಲಿಲ್ಲ. ನನ್ನದೇ ಮೂಗು.

ಒಂದು ವಿಷಯ ಮೊದಲ ಸಲ ನೋಡುವಾಗ ತಿಳಿಯಲಿಲ್ಲ, ಎರಡನೇ ಸಲ ಕಂಡಿತು. ಪಂದ್ಯದ ಶುರುವಿನಲ್ಲಿ ದರ್ಜಿಯ ಎಡಗೈ ಕೆನ್ನೆಗಿಲ್ಲ. ಹೊಡೆದು ವಾಪಸ್ ಬರುವಾಗ ಸೊಂಟದ ಹತ್ತಿರ ಜೋತುಬೀಳುತ್ತೆ. ಅದು ಕೆಳಗಿಳಿದಾಗಲೆಲ್ಲ ಅದರ ಮೇಲಿಂದ ಅಪ್ಪನ ಬಲಗೈ ಹೋಗಿ ಮುಖಕ್ಕೆ ಬೀಳುತ್ತೆ. ಮತ್ತೆ ಇಳಿಯುತ್ತೆ, ಮತ್ತೆ ಬೀಳುತ್ತೆ. ನಾಲ್ಕು ರೌಂಡು ಇದೇ ಕತೆ. ಅಳತೆ ತಗೊಳ್ಳೋ ದರ್ಜಿಯ ಟೇಪೇ ಕೈಜಾರಿ ಬಿದ್ದ ಹಾಗಿದೆ. ನಾಲ್ಕನೇ ರೌಂಡು ಮುಗಿದ ಬಿಡುವಿನಲ್ಲಿ ಅವನ ಮೂಲೆಯ ಮುದುಕ ಕೋಚ್ ಅವನ ಎಡ ಮಣಿಕಟ್ಟು ಹಿಡಿದು ಮುಷ್ಟಿಯನ್ನು ಕೆನ್ನೆಗೆ ಒತ್ತಿ ಇಡ್ತಾನೆ. ಅಷ್ಟೆ. ಅಲ್ಲಿಂದ ಮುಂದೆ ಅಪ್ಪನ ಒಂದು ಏಟೂ ತಾಕಲಿಲ್ಲ. ಅಲ್ಲಿಂದ ಮುಂದೆ ಅಪ್ಪನಿಗೆ ಬಿದ್ದದ್ದನ್ನು ನಾನು ಬರೆಯಲ್ಲ. ಮೂಗು ಆರನೇ ರೌಂಡಲ್ಲಿ ಹೋಯ್ತು. ಆದರೆ ಕೊನೆಯ ಗಂಟೆ ಹೊಡೆದಾಗ ಅಪ್ಪ ನಿಂತೇ ಇದ್ದ.

ದರ್ಜಿಯ ಅದಕ್ಕೂ ಹಿಂದಿನ ಪಂದ್ಯಗಳನ್ನು ನೋಡಿದೆ. ಎಡಗೈ ಕೆಳಗೆ. ಆಮೇಲಿನವನ್ನು ನೋಡಿದೆ. ಹನ್ನೊಂದು ವರ್ಷ, ಹೊಡೆದ ಮೇಲೆ ಅದು ನೇರ ಕೆನ್ನೆಗೆ ವಾಪಸ್ ಬರದ ಸಲವೇ ಇಲ್ಲ.

ಲೈಬ್ರರಿಯವರು "ಯಾಕಮ್ಮ, ಹುಷಾರಿಲ್ವಾ" ಅಂದರು. ಹುಷಾರಾಗಿದೀನಿ ಅಂದೆ. ಕಣ್ಣು ಒರೆಸಿಕೊಂಡು ಇನ್ನರ್ಧ ಗಂಟೆ ಕಂಪ್ಯೂಟರ್ ಬೇಕು ಅಂದೆ. ಕೊಟ್ಟರು.

ಜುಲೈ ೨೪, ಬುಧವಾರ

ಅಪ್ಪನಿಗೆ ಫೋನ್ ಮಾಡಿ ಆ ಎಡಗೈ ವಿಷಯ ಕೇಳಿದೆ.

"ಅದೆಲ್ಲ ದೊಡ್ಡದು ಮಾಡಬೇಡ. ಅವನ ಮೂಲೆಯವನು ಹೇಳಿಕೊಟ್ಟ, ಅವನು ಕಲಿತ. ಕಲಿಯೋನು ಅವನು, ಅದಕ್ಕೇ ದೊಡ್ಡವನು. ಹೇಳಿಕೊಡೋರು ಎಲ್ಲ ಕಡೆ ಸಿಗ್ತಾರೆ."

"ಆಮೇಲೆ ಅವನನ್ನು ಮಾತಾಡಿಸಿದೆಯಾ?"

"ನಿಯಮ ನಿಯಮ ಅಲ್ವಾ, ಅವನ ರೂಮಿಗೆ ಹೋದೆ. ಮೂಗಿಗೆ ಹತ್ತಿ ತುರುಕಿದ್ದರು, ಮಾತು ನನಗೇ ಅರ್ಥವಾಗ್ತಿರಲಿಲ್ಲ. 'ಐದನೇ ರೌಂಡಲ್ಲಿ ಪಕ್ಕೆಗೆ ಹೊಡೆದೆಯಲ್ಲ, ಅದು ಚೆನ್ನಾಗಿ ಬಿತ್ತು' ಅಂದೆ."

"ಅವನೇನಂದ?"

"ಅವನ ಕಡೆ ಇಂಥ ರೂಢಿ ಎಲ್ಲಿರುತ್ತೆ. ಬಾಯಿಬಿಟ್ಟು ಏನೂ ಅನ್ನಲಿಲ್ಲ. ನನ್ನ ಮುಖ ನೋಡಿದ. ಎಡ ಮುಷ್ಟಿ ಎತ್ತಿ ಕೆನ್ನೆಗೆ ಇಟ್ಟು ತೋರಿಸಿದ. ಇಬ್ಬರೂ ನಕ್ಕೆವು. ನಗೋವಾಗ ನನಗೆ ಮೂಗು ನೋವು, ಅವನಿಗೆ ದವಡೆ ನೋವು."

ಅಪ್ಪ ಯಾವತ್ತೂ ಹೇಳಿರಲಿಲ್ಲ. ಯಾಕೆ ಅಂತ ಕೇಳಿದರೆ, "ನೀನು ಕೇಳಿರಲಿಲ್ಲ" ಅಂದ.

ಆ ಪೋಸ್ಟರನ್ನು ಈಗ ಸುಮ್ಮನೆ ನೋಡಕ್ಕಾಗ್ತಿಲ್ಲ. ಸಂಜೆ ರೇಡಿಯೋ ಅದರ ಕೆಳಗೆ ಕೂತು ತನ್ನ ಭಾಷಣ ಉರು ಹೊಡೀತಿದ್ದಳು. ಗಾಳಿಗೆ ನನ್ನ ಹಾಳೆಗಳು ಹಾರ್ತಿದ್ದವು. ಕಿಟಕಿ ಮುಚ್ಚೇ ಅಂದೆ, ಮುಚ್ಚಿದಳು.

ಜುಲೈ ೨೬, ಶುಕ್ರವಾರ

ಲಿಫ್ಟ್ ಲೈನ್ ರೆಡಿಯಾ ಅಂತ ವಕೀಲ ಕೇಳಿದ. ರೆಡಿ ಅಂದೆ. ಸುಳ್ಳಲ್ಲ.

ಜುಲೈ ೨೭, ಶನಿವಾರ

ಒಂದೊಂದಾಗಿ ಬರೀಬೇಕು, ಇಲ್ಲದಿದ್ದರೆ ಮರೆತುಹೋಗುತ್ತೆ.

ಅಪ್ಪ ಬಿಳಿ ಅಂಗಿಯಲ್ಲಿ ಬಂದ. ಕೈಯಲ್ಲಿ ಟೂಲ್ ಬ್ಯಾಗು. ಯಾಕೆ ತಂದೆ ಅಂದರೆ, ಇದಿಲ್ಲದೆ ನಡೆದರೆ ಒಂದು ಕಡೆ ವಾಲ್ತೀನಿ ಅಂದ. ಮುಂದಿನ ಸಾಲು ಅತಿಥಿಗಳಿಗೆ ಅಂತ ಗೊತ್ತಿಲ್ಲದೆ ಪ್ರಿನ್ಸಿಪಾಲರ ಪಕ್ಕದಲ್ಲೇ ಕೂತ. ಯಾರೂ ಎಬ್ಬಿಸಲಿಲ್ಲ. ಆ ಮೂಗು ನೋಡಿದರೆ ಎಬ್ಬಿಸೋ ಮನಸ್ಸು ಯಾರಿಗೂ ಬರಲ್ಲ.

ಮೊದಲು ರೇಡಿಯೋ. ಚೆನ್ನಾಗಿ ಮಾತಾಡಿದಳು, ಬಹಳ ಚೆನ್ನಾಗಿ. ಹನ್ನೊಂದು ವರ್ಷದ ಮಾತು ಬಂತು, ಮೂರು ತಲೆಮಾರಿನ ಬಾಕ್ಸರ್‌ಗಳನ್ನು ಸೋಲಿಸಿದ ಮಾತು ಬಂತು. ಕೊನೆಗೆ ಅವಳು ಅಂದಳು: "ಅವನ ಎಡಗೈಯನ್ನು ನಕಲು ಮಾಡದ ಬಾಕ್ಸರ್ ಇವತ್ತು ಯಾವ ಊರಲ್ಲೂ ಇಲ್ಲ. ಗೆದ್ದವರು ಎಷ್ಟೋ ಜನ. ತನ್ನ ನಂತರ ಬಂದವರೆಲ್ಲ ನಿಲ್ಲೋ ರೀತಿಯನ್ನೇ ಬದಲಾಯಿಸಿದವನು ಇವನೊಬ್ಬ." ನನ್ನ ಮೈ ಜುಮ್ ಅಂತು.

ಆಮೇಲೆ ವಕೀಲ. ಕೊನೆಯ ಎರಡು ಪಂದ್ಯಗಳಲ್ಲಿ ದರ್ಜಿ ಚಿಕ್ಕ ಹುಡುಗರ ಕೈಲಿ ಸೋತದ್ದು ಹೇಳಿದ. ಲಾರಿ ಡ್ರೈವರ್, ಮಾಂಸದಂಗಡಿ, ಲಿಫ್ಟ್ ಮೆಕ್ಯಾನಿಕ್ ಹೇಳಿದ. ಲಿಫ್ಟ್ ಜೋಕಿಗೆ ಹಾಲ್ ಪೂರ್ತಿ ನಕ್ಕಿತು. ನಾನು ಅಪ್ಪನನ್ನು ನೋಡಿದೆ. ಟೂಲ್ ಬ್ಯಾಗನ್ನು ಮೆಲ್ಲಗೆ ಕಾಲಿಂದ ಕುರ್ಚಿ ಕೆಳಗೆ ತಳ್ಳಿದ. ಅಷ್ಟೇ ಮಾಡಿದ್ದು.

ನನ್ನ ಹೆಸರು ಕರೆದರು. ಹಾಳೆಗಳು ಕುರ್ಚಿ ಮೇಲೇ ಉಳಿದವು, ಅದು ಈಗ ಬರೆಯುವಾಗ ನೆನಪಾಗ್ತಿದೆ.

ಹೇಳಿದ್ದನ್ನು ನೆನಪಿದ್ದಷ್ಟು ಇಳಿಸ್ತೀನಿ.

"ನಮ್ಮ ಮನೇಲಿ ಒಂದು ನಿಯಮ ಇದೆ. ಎದುರಿನವರ ಯಾವ ಏಟು ಚೆನ್ನಾಗಿ ಬಿತ್ತು ಅಂತ ಹೇಳದೆ ಗ್ಲೌಸ್ ಬಿಚ್ಚೋ ಹಾಗಿಲ್ಲ. ನಾನು ಗ್ಲೌಸ್ ಹಾಕೋ ಮೊದಲೇ ಹೇಳಿಬಿಡ್ತೀನಿ. ನನ್ನ ಗೆಳತಿ ಎಡಗೈ ಬಗ್ಗೆ ಹೇಳಿದಳಲ್ಲ, ಅದು ನನಗೆ ನೇರ ಬಿತ್ತು. ಅವರ ಕಡೆಯ ಅತ್ಯುತ್ತಮ ಮಾತು ಅದು. ನಿಜವೂ ಹೌದು."

ವಕೀಲ ಹಣೆ ಹಿಡಿದುಕೊಂಡ. ಕಂಡಿತು.

"ಈಗ ಆ ಎಡಗೈ ಎಲ್ಲಿಂದ ಬಂತು ಅಂತ ಕೇಳಿ. ನಮ್ಮ ಅಣ್ಣ ಹೇಳಿದ ಲಿಫ್ಟ್ ಮೆಕ್ಯಾನಿಕ್ ಜೊತೆಗಿನ ಪಂದ್ಯ ನಾನು ನೋಡಿದೀನಿ. ನಾಲ್ಕು ರೌಂಡು ದರ್ಜಿಯ ಎಡಗೈ ಸೊಂಟದಲ್ಲಿತ್ತು, ನಾಲ್ಕು ರೌಂಡು ಆ ಮೆಕ್ಯಾನಿಕ್ಕಿನ ಬಲಗೈ ಅದರ ಮೇಲಿಂದ ಹೋಗಿ ಅವನ ಮುಖ ಮುಟ್ಟಿತು. ಐದರಲ್ಲಿ ಆ ಎಡಗೈ ಕೆನ್ನೆಗೆ ಏರಿತು, ಮತ್ತೆ ಇಳಿಯಲಿಲ್ಲ. ಕೆಳಗೆ ನಿಂತದ್ದನ್ನು ಮೇಲಕ್ಕೆ ಕಳಿಸೋದೇ ಲಿಫ್ಟ್ ಮೆಕ್ಯಾನಿಕ್ ಕೆಲಸ. ಅವರು ಕೆಲಸ ಮಾಡಿದರು."

ಯಾರೋ ನಕ್ಕರು.

"ಆ ಮೆಕ್ಯಾನಿಕ್ ನಮ್ಮಪ್ಪ. ಮುಂದಿನ ಸಾಲಲ್ಲಿ ಪ್ರಿನ್ಸಿಪಾಲರ ಪಕ್ಕ ಕೂತಿದ್ದಾರೆ."

ಹಾಲ್ ಅನ್ನೋ ಹಾಲೇ ಕತ್ತು ಚಾಚಿತು. ಅಪ್ಪ ಅಂಗಿಯ ಗುಂಡಿ ಸರಿ ಇದೆಯಾ ಅಂತ ಮುಟ್ಟಿ ನೋಡಿಕೊಂಡ. ವಕೀಲನ ಮುಖ ನೋಡೋ ಹಾಗಿತ್ತು, ಪಾಪ.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಹೆಗ್ಗಣಕ್ಕೂ ಹೆತ್ತವರು ಮುದ್ದೇ. ಆದರೂ ನಿಜ ಹೇಳ್ತೀನಿ. ನಮ್ಮಪ್ಪ ಮನೆಯಲ್ಲಿ ಸೊಳ್ಳೆ ಹೊಡೆಯೋದು ನಾನು ನೋಡಿದೀನಿ. ಹತ್ತಕ್ಕೆ ಒಂದು ಸಿಕ್ಕಿದರೆ ಆ ದಿನ ಹಬ್ಬ. ಅಂಥ ಕೈಯಿಂದ ನಾಲ್ಕು ರೌಂಡು ಒಂದೇ ಜಾಗಕ್ಕೆ ಅದೇ ಏಟನ್ನು ಮತ್ತೆ ಮತ್ತೆ ತಿಂದವನನ್ನು ನೀವು ಸಾರ್ವಕಾಲಿಕ ಶ್ರೇಷ್ಠ ಅಂತೀರಿ. ಹಾಗಾದರೆ ಎರಡರಲ್ಲಿ ಒಂದು ಒಪ್ಪಿಕೊಳ್ಳಿ. ದರ್ಜಿ ಸಾರ್ವಕಾಲಿಕ ಶ್ರೇಷ್ಠ ಅಲ್ಲ ಅಂತ ಒಪ್ಪಿ. ಇಲ್ಲವೇ, ಅವನನ್ನು ಒಂಬತ್ತರಿಂದ ಒಂದಕ್ಕೆ ಏರಿಸಿ, ಪಟ್ಟಿಯಲ್ಲಿ ಎಲ್ಲಾದರೂ ಸರಿ, ನಮ್ಮಪ್ಪನನ್ನೂ ಸೇರಿಸಿ. ಆಗ ಹೆಸರು ಸರಿಯಾಗಿ ಬರೀರಿ. ನನಗೆ ಎರಡರಲ್ಲಿ ಯಾವುದಾದರೂ ನಡೆಯುತ್ತೆ."

ಕೂತೆ. ಚಪ್ಪಾಳೆ ಎಷ್ಟು ಹೊತ್ತು ಅಂತ ಗೊತ್ತಾಗಲಿಲ್ಲ.

ಕೈ ಎತ್ತಿಸಿ ಮತ ಎಣಿಸಿದರು. ನಾವು ಸೋತೆವು, ಸ್ವಲ್ಪದರಲ್ಲಿ. ಅಪ್ಪ ದರ್ಜಿಯ ಕಡೆಗೇ ಕೈ ಎತ್ತಿದ. ನೆಟ್ಟಗೆ, ಎಲ್ಲರಿಗಿಂತ ಎತ್ತರಕ್ಕೆ.

ಅಷ್ಟರಲ್ಲಿ ಅವನ ಫೋನ್. ಎಲ್ಲೋ ಒಂದು ಬಿಲ್ಡಿಂಗಿನ ಲಿಫ್ಟಲ್ಲಿ ಇಬ್ಬರು ಸಿಕ್ಕಿಹಾಕಿಕೊಂಡಿದ್ದಾರೆ, ಹತ್ತಿರ ಇರೋನು ಅಪ್ಪನೇ. ಬ್ಯಾಗೆತ್ತಿಕೊಂಡು ಹೊರಟ. ಮಧ್ಯೆ ಜನವೋ ಜನ, ನನ್ನ ತನಕ ಬರೋಕಾಗಲಿಲ್ಲ. ಬಾಗಿಲಲ್ಲಿ ನಿಂತು ತಿರುಗಿದ. ಎಡ ಮುಷ್ಟಿ ಎತ್ತಿ ಕೆನ್ನೆಗೆ ಇಟ್ಟ. ಹೋದ.

ಜುಲೈ ೨೮, ಭಾನುವಾರ

ವಕೀಲ ಬೆಳಿಗ್ಗೆ ಮೆಸ್ಸಿಗೆ ಬಂದು ಎದುರಿಗೆ ಕೂತ. "ನಿಮ್ಮಪ್ಪ ಅಂತ ಗೊತ್ತಿದ್ದರೆ ಆ ಜೋಕು ಮಾಡ್ತಿರಲಿಲ್ಲ."

"ಗೊತ್ತಿದ್ದೂ ಮಾಡಬಹುದಿತ್ತು ಅಣ್ಣ. ಜೋಕು ಚೆನ್ನಾಗಿತ್ತು, ನಮ್ಮಪ್ಪ ಹೇಗೆ ಆಡಿದ್ದ ಅನ್ನೋದೂ ಗೊತ್ತಿರಬೇಕಿತ್ತು, ಅಷ್ಟೆ."

"ಎದುರು ಪಾರ್ಟಿಗೆ ಪಾಯಿಂಟ್ ಕೊಟ್ಟು ಸೋಲಿಸಿದೆ ನಮ್ಮನ್ನ."

"ಹೌದು."

ಟೀ ಕಲಕಿದ. "ಮುಂದಿನ ಸಲ ಅಡಿಪಾಯ ನೀನು ಹಾಕು, ಗೋಡೆ ನಾನು ಕಟ್ತೀನಿ" ಅಂದ. ಮುಂದಿನ ವಿಷಯ ಏನು ಅಂತ ಕೇಳಿದೆ. ಫೋಟೋಗ್ರಫಿ ಕ್ಲಬ್ಬಿಗೆ ಬದಲಾಯಿಸಿಕೊಳ್ಳೋ ಕೊನೇ ದಿನ ನಿನ್ನೆಯೇ ಆಗಿಹೋಯ್ತಂತೆ, ನನಗೆ ನೆನಪೇ ಇರಲಿಲ್ಲ.

ರೇಡಿಯೋ ಪೋಸ್ಟರಿನ ಎಡ ಮುಷ್ಟಿ ಕೆಳಗೆ ಒಂದು ಚೀಟಿ ಅಂಟಿಸಿದಾಳೆ: "ಕೃಪೆ: ಲಿಫ್ಟ್ ಮೆಕ್ಯಾನಿಕ್." ಬೆಳಿಗ್ಗೆಯಿಂದ ಯಾರು ಬಂದರೂ ಅದರ ಕತೆ ಹೇಳ್ತಿದಾಳೆ. ನಾಲ್ಕನೇ ಸಲಕ್ಕೆ ಅಪ್ಪ ದರ್ಜಿಯನ್ನು ಕೆಡವಿದ್ದ ಅನ್ನೋವರೆಗೆ ಹೋಯ್ತು. ಕೆಡವಿರಲಿಲ್ಲ ಕಣೇ ಅಂತ ನಾನೇ ತಿದ್ದಬೇಕಾಯ್ತು.

ಅಪ್ಪನ ಫೋನ್ ಬಂದಿಲ್ಲ. ಆ ಇಬ್ಬರನ್ನು ಲಿಫ್ಟಿಂದ ಇಳಿಸಿ, ಕೊನೇ ಬಸ್ಸಿಗೆ ಮನೆ ಸೇರಿದನಂತೆ. ಅಮ್ಮ ಹೇಳಿದಳು. "ಬಂದಾಗಿಂದ ಏನೂ ಮಾತಿಲ್ಲ. ಆ ಬಿಳಿ ಅಂಗಿ ಇನ್ನೂ ಬಿಚ್ಚಿಲ್ಲ. ಏನೇ ಮಾಡಿದೆ ನನ್ನ ಗಂಡನಿಗೆ?" ಅಂದಳು.

ಹಾಗಾಗಿ ಈಗ ಒಂದು ಮೆಸೇಜ್ ಕಳಿಸಿದೆ. ಒಂದೇ ಸಲಕ್ಕೆ ಟೈಪ್ ಮಾಡಿ ಕಳಿಸಿದ್ದು. ಇಲ್ಲೂ ಇರಲಿ ಅಂತ ಬರೆದಿಡ್ತೀನಿ.

"ಅಪ್ಪ, ನಿನ್ನೆ ನೀನು ಬಾಗಿಲಲ್ಲಿ ಕೈ ಎತ್ತಿ ತೋರಿಸಿದ್ದು ಕಂಡಿತು. ಅರ್ಥವೂ ಆಯ್ತು. ಆದರೆ ದರ್ಜಿ ಹಾಗೆ ಕೈ ತೋರಿಸಿ ಮಾತು ತಪ್ಪಿಸಿಕೊಂಡ, ಅವನಿಗೆ ನಿಯಮ ಗೊತ್ತಿರಲಿಲ್ಲ. ನಿನಗೆ ಗೊತ್ತು. ನಾನು ನನ್ನದು ಹೇಳ್ತೀನಿ: ನೀನು ಅವನ ಕಡೆ ಕೈ ಎತ್ತಿದೆಯಲ್ಲ, ಆ ಏಟು ನನಗೆ ಚೆನ್ನಾಗಿ ಬಿತ್ತು. ಈಗ ನಿನ್ನದು. ನನ್ನ ಯಾವ ಮಾತು ನಿನಗೆ ಬಿತ್ತು, ಬಾಯಿಬಿಟ್ಟು ಹೇಳು. ಗ್ಲೌಸ್ ಹಾಕಿಕೊಂಡೇ ಕೂತಿದೀನಿ. ಬೇಗ ಉತ್ತರ ಕಳಿಸು."